ಲ್ಯಾಪ್‌ಟಾಪಿನಿಂದ ನಾಟಕದ ದೀಪ: ಆರು ಚಾನೆಲ್ ಡಿಮ್ಮರ್ ಕಟ್ಟುವುದು ಹೇಗೆ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರವೊಂದರ ಹವ್ಯಾಸಿ ನಾಟಕ ತಂಡ. 500 ವ್ಯಾಟಿನ ಆರು ಹ್ಯಾಲೊಜನ್ ದೀಪಗಳಿವೆ. ಬೆಳಕು ಏರಿಸಿ ಇಳಿಸಲು, ಕೈಯಲ್ಲಿ ತಿರುಗಿಸುವ ಹಳೆಯ ಡಿಮ್ಮರ್ ಬೋರ್ಡ್ ಇದೆ. ಆರೂ ದೀಪಗಳನ್ನು ಲ್ಯಾಪ್‌ಟಾಪಿನಿಂದ ನಡೆಸಬೇಕು ಅನ್ನುವ ಆಸೆ. ಕೋಡು ಬರೆದು ನಡೆಸುವ ಪುಟ್ಟ ಬೋರ್ಡು ಆರ್ಡುಯಿನೊ ನನಗೆ ಸ್ವಲ್ಪ ಗೊತ್ತು. ಆನ್‌ಲೈನಿನಲ್ಲಿ ಸಿಗುವ ಒಂದು ಚಾನೆಲ್ಲಿನ ಮಾಡ್ಯೂಲ್ ತರಿಸಿ, ಝೀರೋ ಬಲ್ಬ್ ಹಾಕಿ ನೋಡಿದೆ. ಬೆಳಕು ನಡುಗುತ್ತದೆ. ತೀರಾ ಕಡಿಮೆ ಮಾಡಿದಾಗ ಇದ್ದಕ್ಕಿದ್ದಂತೆ ಪೂರ್ತಿ ಉರಿದುಬಿಡುತ್ತದೆ. ಎಲ್‌ಇಡಿ ಬಲ್ಬ್ ಹಾಕಿದರೆ ಬರೀ ಮಿಣುಕುತ್ತದೆ. ಹೀಗೇ ಆರು ಚಾನೆಲ್ ಮಾಡಬಹುದೇ? ಅಪಾಯವಿಲ್ಲದೆ ಮಾಡುವುದು ಹೇಗೆ? ಮುಂದಿನ ತಿಂಗಳು ನಾಟಕವಿದೆ, ಅಷ್ಟರಲ್ಲಿ ಆಗುತ್ತದೆಯೇ?

ಉತ್ತರ: ಮಾಡಬಹುದು. ಆದರೆ ಕೆಲಸ ಎಲ್ಲಿದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪು, ಆರ್ಡುಯಿನೊ, ಪರದೆಯ ಮೇಲಿನ ಸ್ಲೈಡರ್ ಇವೆಲ್ಲ ಈ ಕೆಲಸದ ಸುಲಭದ ಭಾಗ. ಮನೆಗೆ ಬರುವ ಕರೆಂಟಿನ ಪ್ರತಿ 10 ಮಿಲಿಸೆಕೆಂಡಿನಲ್ಲಿ ಏನಾಗುತ್ತದೆ ಅನ್ನುವುದರ ಮೇಲೆ ಹಿಡಿತ ಸಿಗಬೇಕು. ಆ 230 ವೋಲ್ಟ್ ನಿಮ್ಮ ಕೈಗೂ ಲ್ಯಾಪ್‌ಟಾಪಿಗೂ ತಲುಪದ ಹಾಗೆ ಪೆಟ್ಟಿಗೆ ಕಟ್ಟಬೇಕು. ಕಷ್ಟವಿರುವುದು ಈ ಎರಡರಲ್ಲಿ. ನೀವು ಹೇಳಿದ ತೊಂದರೆಗಳಲ್ಲಿ ಒಂದೂ ಕಂಪ್ಯೂಟರಿನದ್ದಲ್ಲ.

ನಮ್ಮಲ್ಲಿ ಬರುವುದು 50 ಹರ್ಟ್ಜ್ ಕರೆಂಟು. ಒಂದು ಅಲೆಗೆ 20 ಮಿಲಿಸೆಕೆಂಡ್, ಅರ್ಧ ಅಲೆಗೆ 10. ಅಂದರೆ ವೋಲ್ಟೇಜು ಸೆಕೆಂಡಿಗೆ 100 ಸಲ ಸೊನ್ನೆಯನ್ನು ದಾಟುತ್ತದೆ. ಡಿಮ್ಮರಿನಲ್ಲಿರುವ ಟ್ರಯಾಕ್, ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಬಾಗಿಲಿದ್ದ ಹಾಗೆ. 'ಗೇಟ್' ಅನ್ನುವ ಅದರ ಕಾಲಿಗೆ ಕರೆಂಟಿನ ಒಂದು ಸಣ್ಣ ತಟ್ಟು ಕೊಟ್ಟರೆ ತೆರೆದುಕೊಳ್ಳುತ್ತದೆ. ಕರೆಂಟು ಸೊನ್ನೆಗೆ ಬಂದಾಗ ತಾನೇ ಮುಚ್ಚುತ್ತದೆ. ನಡುವೆ ಮುಚ್ಚಲು ನಮ್ಮ ಕೈಯಲ್ಲಿ ಆಗುವುದಿಲ್ಲ. ಹಾಗಾಗಿ ನಾವು ನಿರ್ಧರಿಸುವುದು ಒಂದನ್ನೇ: ಸೊನ್ನೆ ದಾಟಿದ ಮೇಲೆ ಎಷ್ಟು ಹೊತ್ತು ಕಾದು ತಟ್ಟಬೇಕು? ಬೇಗ ತಟ್ಟಿದರೆ ಅರ್ಧ ಅಲೆಯ ಬಹುಪಾಲು ದೀಪಕ್ಕೆ ಹೋಗುತ್ತದೆ. ತಡವಾಗಿ ತಟ್ಟಿದರೆ ಕೊನೆಯ ಚೂರು ಮಾತ್ರ. ಸೆಕೆಂಡಿಗೆ 100 ಸಲ ಇದೇ ಲೆಕ್ಕ ತಪ್ಪದೆ ನಡೆಯಬೇಕು.

ಈಗ ನಿಮ್ಮ ಬಲ್ಬಿನ ಕತೆ. 'ಝೀರೋ' ಅಂತ ಕರೆದರೂ ಅದು ಸಾಮಾನ್ಯವಾಗಿ 15 ವ್ಯಾಟಿನ ಬಲ್ಬು. ಅದರಲ್ಲಿ ಹರಿಯುವುದು ಸುಮಾರು 65 ಮಿಲಿಆಂಪಿಯರ್ ಮಾತ್ರ. ಟ್ರಯಾಕ್ ತೆರೆದುಕೊಂಡೇ ಇರಬೇಕಾದರೆ ಅದರ ಮೂಲಕ ಕನಿಷ್ಠ ಇಷ್ಟು ಕರೆಂಟು ಹರಿಯಬೇಕು ಅಂತ ಇದೆ. ದೊಡ್ಡ ಟ್ರಯಾಕುಗಳಿಗೆ ಇದು ಹತ್ತಾರು ಮಿಲಿಆಂಪಿಯರ್. ಈ ಬಲ್ಬು ಆ ಗಡಿಯಲ್ಲೇ ಇದೆ. ಒಂದು ಅರ್ಧ ಅಲೆಯಲ್ಲಿ ಹಿಡಿಯುತ್ತದೆ, ಇನ್ನೊಂದರಲ್ಲಿ ಬಿಡುತ್ತದೆ. ನಡುಕಕ್ಕೆ ಇದೇ ಮೊದಲ ಕಾರಣ ಇರಬಹುದು. 60 ಅಥವಾ 100 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬು ಹಾಕಿ ಮತ್ತೆ ನೋಡಿ. ಎಲ್‌ಇಡಿ ಬಲ್ಬಿನ ವಿಚಾರ ಬೇರೆ. ಅದರೊಳಗೆ ತನ್ನದೇ ಡ್ರೈವರ್ ಸರ್ಕ್ಯೂಟ್ ಇರುತ್ತದೆ. ಅಲೆಯನ್ನು ಕತ್ತರಿಸಿ ಕೊಟ್ಟರೆ ಅದಕ್ಕೆ ಅರ್ಥವಾಗುವುದಿಲ್ಲ, ಎಷ್ಟೋ ಸಲ ಸುಟ್ಟೂ ಹೋಗುತ್ತದೆ. 'ಡಿಮ್ಮಬಲ್' ಅಂತ ಬರೆದಿಲ್ಲದ ಎಲ್‌ಇಡಿ ಬಲ್ಬನ್ನು ಈ ಡಿಮ್ಮರಿಗೆ ಹಾಕಲೇಬೇಡಿ. ಸಿಎಫ್‌ಎಲ್ ಕೂಡ ಬೇಡ.

ಕಡಿಮೆ ಮಾಡಿದಾಗ ಇದ್ದಕ್ಕಿದ್ದಂತೆ ಪೂರ್ತಿ ಉರಿಯುವುದು ಇದೆಯಲ್ಲ, ಅದರಲ್ಲಿ ಕಲಿಯಲು ಬಹಳ ಇದೆ. ತೀರಾ ಮಂದ ಬೆಳಕಿಗೆ ನೀವು ಸುಮಾರು 9.8 ಮಿಲಿಸೆಕೆಂಡ್ ಕಾದು ತಟ್ಟುತ್ತಿದ್ದೀರಿ ಅಂದುಕೊಳ್ಳಿ. ಸೊನ್ನೆಯ ಸುದ್ದಿ ಆರ್ಡುಯಿನೊಗೆ 0.3 ಮಿಲಿಸೆಕೆಂಡ್ ತಡವಾಗಿ ಬಂದರೆ ಸಾಕು, ನಿಮ್ಮ ತಟ್ಟು ಮುಂದಿನ ಅರ್ಧ ಅಲೆಯ ಶುರುವಿನಲ್ಲಿ ಬೀಳುತ್ತದೆ. ಟ್ರಯಾಕಿಗೆ ಅದು ಪೂರ್ತಿ ಬೆಳಕಿನ ಆಜ್ಞೆ! ಗೇಟಿಗೆ ಕೊಡುವ ತಟ್ಟು ಉದ್ದವಾಗಿದ್ದು, ಸೊನ್ನೆ ದಾಟಿ ಆಚೆಗೆ ಚಾಚಿಕೊಂಡರೂ ಇದೇ ಗತಿ. ಇದರ ತದ್ವಿರುದ್ಧವೂ ಉಂಟು. ಸೊನ್ನೆಯ ಸುದ್ದಿ ನಿಜವಾದ ಸೊನ್ನೆಗಿಂತ ಮೊದಲೇ ಬಂದರೆ, ಪೂರ್ತಿ ಬೆಳಕು ಕೇಳಿದಾಗ ದೀಪ ಆರುತ್ತದೆ. ಟ್ರಯಾಕ್ ಸೊನ್ನೆಗೆ ಮುಂಚೆ ತೆರೆದು, ಸೊನ್ನೆ ಬಂದ ಕೂಡಲೇ ಮುಚ್ಚಿರುತ್ತದೆ. ಕೆಳಗಿನ ತುದಿಯಲ್ಲಿ ಹುಚ್ಚಾಟವಾದರೆ ಸುದ್ದಿ ತಡ ಅಥವಾ ತಟ್ಟು ಉದ್ದ. ಮೇಲಿನ ತುದಿಯಲ್ಲಾದರೆ ಸುದ್ದಿ ಬೇಗ. ಇಷ್ಟು ನೆನಪಿದ್ದರೆ ಅಳೆಯುವ ಉಪಕರಣ ಇಲ್ಲದೆಯೂ ಅರ್ಧ ತೊಂದರೆ ಹಿಡಿಯಬಹುದು.

ಸೊನ್ನೆಯನ್ನು ಹಿಡಿಯಲು ನಾನು ಮೆಚ್ಚುವುದು ಎಚ್11ಎಎ1 ಅನ್ನುವ ಆಪ್ಟೊಕಪ್ಲರ್, ಅಂದರೆ ಎರಡು ಕಡೆಯ ಕರೆಂಟನ್ನು ಬೇರೆಯಾಗಿಟ್ಟು ಸುದ್ದಿಯನ್ನು ಬೆಳಕಿನ ಮೂಲಕ ದಾಟಿಸುವ ಚಿಪ್. ಅದರೊಳಗೆ ಎದುರುಬದುರಾಗಿ ಎರಡು ಎಲ್‌ಇಡಿ ಇರುವುದರಿಂದ ಎರಡೂ ಅರ್ಧ ಅಲೆಗಳನ್ನು ಅದು ನೋಡುತ್ತದೆ, ಬ್ರಿಜ್ ರೆಕ್ಟಿಫೈಯರ್ ಬೇಕಿಲ್ಲ. ಮೈನ್ಸ್ (230 ವೋಲ್ಟಿನ) ಕಡೆಗೆ 33 ಕಿಲೊ ಓಮಿನ ಎರಡು ರೆಸಿಸ್ಟರನ್ನು ಸಾಲಾಗಿ ಹಾಕಿ. ಒಂದೇ ಹಾಕಿದರೆ ಅದರ ವೋಲ್ಟೇಜ್ ಸಾಮರ್ಥ್ಯ ಸಾಲುವುದಿಲ್ಲ. ಒಂದೊಂದರಲ್ಲೂ ಸುಮಾರು 0.4 ವ್ಯಾಟ್ ಶಾಖ ಆಗುತ್ತದೆ, ಆದ್ದರಿಂದ 1 ವ್ಯಾಟಿನವೇ ಬೇಕು. ಕಾಲು ವ್ಯಾಟಿನ ರೆಸಿಸ್ಟರ್ ಮೊದಲ ದಿನ ನಡೆಯುತ್ತದೆ, ಆಮೇಲೆ ಕಪ್ಪಾಗುತ್ತದೆ. ಇನ್ನೊಂದು ಕಡೆ ಆರ್ಡುಯಿನೊದ 2ನೇ ಪಿನ್ನಿಗೆ ಕೊಡಿ, ಒಳಗಿನ ಪುಲ್-ಅಪ್ ಹಾಕಿಕೊಳ್ಳಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಎಚ್11ಎಎ1 ಕೊಡುವುದು ಒಂದು ಬಿಂದುವನ್ನಲ್ಲ, ಸೊನ್ನೆಯ ಎರಡೂ ಪಕ್ಕಕ್ಕೆ ಹರಡಿದ ಪಲ್ಸನ್ನು. ಪಲ್ಸ್ ಏರುವಾಗ ಸೊನ್ನೆ ಇನ್ನೂ ಬಂದಿರುವುದಿಲ್ಲ, ಇಳಿಯುವಾಗ ದಾಟಿ ಹೋಗಿರುತ್ತದೆ. ನಿಜವಾದ ಸೊನ್ನೆ ಇರುವುದು ನಡುವೆ. ಏರುವುದಕ್ಕೂ ಇಳಿಯುವುದಕ್ಕೂ ನಡುವಿನ ಹೊತ್ತನ್ನು ಒಮ್ಮೆ ಅಳೆದು, ಅದರ ಅರ್ಧವನ್ನು ನಿಮ್ಮ ಕಾಯುವ ಹೊತ್ತಿಗೆ ಸೇರಿಸಿಬಿಡಿ. ಸುಮ್ನೆ ಸಿಕ್ಕ ಕೋಡನ್ನು ಹಾಕಿದವರೆಲ್ಲ ಮುಗ್ಗರಿಸುವುದು ಇಲ್ಲೇ.

ಆಮೇಲೆ ಎರಡೂ ತುದಿಗಳನ್ನು ಬಿಟ್ಟುಬಿಡಿ. 0.5 ಮಿಲಿಸೆಕೆಂಡಿಗಿಂತ ಬೇಗ ತಟ್ಟಬೇಡಿ. ಅಷ್ಟು ಬೇಗ ಗೇಟನ್ನು ತೆರೆಯಲು ಬೇಕಾದ ವೋಲ್ಟೇಜೇ ಅಲೆಯಲ್ಲಿ ಬಂದಿರುವುದಿಲ್ಲ. ಇದರಿಂದ ಬೆಳಕು ಕಡಿಮೆಯಾಗುತ್ತದೆ ಅನ್ನುವ ಚಿಂತೆ ಬೇಡ, ಕಳೆದುಕೊಳ್ಳುವುದು ಶೇ. 0.1ಕ್ಕಿಂತ ಕಡಿಮೆ ಶಕ್ತಿ. ಹಾಗೆಯೇ 9 ಮಿಲಿಸೆಕೆಂಡಿನ ನಂತರ ತಟ್ಟಲೇಬೇಡಿ, ಅದು 'ಆಫ್' ಅಂತ ಇಟ್ಟುಕೊಳ್ಳಿ. ಆ ಜಾಗದಲ್ಲಿ ಉಳಿದಿರುವುದು ಶೇ. 1ಕ್ಕೂ ಕಡಿಮೆ ಶಕ್ತಿ, ರಂಗದ ಬೆಳಕಿಗೆ ಅದು ಲೆಕ್ಕಕ್ಕಿಲ್ಲ. ತಟ್ಟಿನ ಉದ್ದ 100 ಮೈಕ್ರೊಸೆಕೆಂಡ್ ಇದ್ದರೆ ಧಾರಾಳ. ಇಷ್ಟು ಮಾಡಿದರೆ ನಿಮ್ಮ ಧಿಡೀರ್ ಉರಿಯುವಿಕೆ ನಿಲ್ಲಬೇಕು.

ಉಳಿದ ನಡುಕಕ್ಕೆ ಕಾರಣ ಸಾಮಾನ್ಯವಾಗಿ ಕೋಡು. ಲೆಕ್ಕ ನೋಡಿ: 8 ಮಿಲಿಸೆಕೆಂಡಿಗೆ ತಟ್ಟುವ ಮಂದ ಬೆಳಕಿನಲ್ಲಿ, ತಟ್ಟು ಬರೀ 50 ಮೈಕ್ರೊಸೆಕೆಂಡ್ ಆಚೀಚೆ ಆದರೂ ಶಕ್ತಿ ಸುಮಾರು ಶೇ. 7ರಷ್ಟು ಬದಲಾಗುತ್ತದೆ. ಕಣ್ಣಿಗೆ ಅದು ಚೆನ್ನಾಗಿ ಕಾಣುತ್ತದೆ. ಹಾಗಾಗಿ ಇಂಟರಪ್ಟ್ (ಸುದ್ದಿ ಬಂದ ಕೂಡಲೇ ಉಳಿದ ಕೆಲಸ ನಿಲ್ಲಿಸಿ ನಡೆಯುವ ಕೋಡಿನ ತುಂಡು) ಒಳಗೆ 'ಡಿಲೇ' ಹಾಕಿ ಕಾಯುವ ಕೋಡು ಇದ್ದರೆ ಅದನ್ನು ಕಿತ್ತುಹಾಕಿ. ಒಂದು ಚಾನೆಲ್ಲಿಗೆ ಅದು ಹೇಗೋ ನಡೆದೀತು. ಆರು ಚಾನೆಲ್ಲಿಗೆ ಸಾಧ್ಯವೇ ಇಲ್ಲ.

ಕ್ರಮ ಹೀಗಿರಲಿ. ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಟೈಮರ್-1 ಹದಿನಾರು ಬಿಟ್ಟಿನದು. 16 ಮೆಗಾಹರ್ಟ್ಜ್ ಗಡಿಯಾರವನ್ನು 8ರಿಂದ ಭಾಗಿಸಿ ಕೊಟ್ಟರೆ ಅರ್ಧ ಮೈಕ್ರೊಸೆಕೆಂಡಿಗೆ ಒಂದು ಎಣಿಕೆ. 10 ಮಿಲಿಸೆಕೆಂಡಿಗೆ 20,000 ಎಣಿಕೆ. ಸೊನ್ನೆಯ ಇಂಟರಪ್ಟ್ ಬಂದಾಗ ಟೈಮರನ್ನು ಸೊನ್ನೆಗೆ ಇಳಿಸಿ. ಆರು ಚಾನೆಲ್ಲುಗಳ ಕಾಯುವ ಹೊತ್ತನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಪಟ್ಟಿ ಮೊದಲೇ ತಯಾರಿರಲಿ. ಟೈಮರಿನ ಹೋಲಿಕೆ ಇಂಟರಪ್ಟಿಗೆ ಪಟ್ಟಿಯ ಮೊದಲ ಹೊತ್ತನ್ನು ಕೊಡಿ. ಅದು ಬಂದಾಗ ಆ ಚಾನೆಲ್ಲನ್ನು ತಟ್ಟಿ, ಮುಂದಿನದನ್ನು ಕೊಡಿ. ಒಂದಕ್ಕೊಂದು ತೀರಾ ಹತ್ತಿರ ಇರುವ ಚಾನೆಲ್ಲುಗಳನ್ನು ಒಟ್ಟಿಗೇ ತಟ್ಟಿಬಿಡಿ. ಪಟ್ಟಿ ಜೋಡಿಸುವುದು, ಗುಣಾಕಾರ ಭಾಗಾಕಾರ, ಲ್ಯಾಪ್‌ಟಾಪಿನ ಮಾತು ಕೇಳುವುದು ಎಲ್ಲವೂ ಮುಖ್ಯ ಲೂಪಿನಲ್ಲಿ ಆಗಲಿ. ಅಲ್ಲಿ ತಯಾರಾದ ಹೊಸ ಪಟ್ಟಿಯನ್ನು ಸೊನ್ನೆಯ ಕ್ಷಣದಲ್ಲಿ ಮಾತ್ರ ಬದಲಿಸಿ. ಅರ್ಧ ಅಲೆಯ ನಡುವೆ ಪಟ್ಟಿ ಬದಲಾದರೆ ಒಂದು ದೀಪ ಮಿಂಚಿ ಹೋಗುತ್ತದೆ.

10 ಮಿಲಿಸೆಕೆಂಡ್ ಅಂತ ಕೋಡಿನಲ್ಲಿ ಗಟ್ಟಿಯಾಗಿ ಬರೆದುಬಿಡಬೇಡಿ. ಗ್ರಿಡ್ ಕರೆಂಟಿನಲ್ಲಿ 50 ಹರ್ಟ್ಜ್ ಬಹುತೇಕ ಸ್ಥಿರ. ಆದರೆ ನಮ್ಮ ಊರಿನ ನಾಟಕಗಳು ಅರ್ಧ ನಡೆಯುವುದೇ ಜನರೇಟರಿನಲ್ಲಿ, ಅಲ್ವಾ? ಲೋಡ್ ಏರಿದಾಗ ಅದರ ವೇಗ ಇಳಿಯುತ್ತದೆ, ಅರ್ಧ ಅಲೆಯ ಉದ್ದ ಬದಲಾಗುತ್ತದೆ. ಎರಡು ಸೊನ್ನೆಗಳ ನಡುವಿನ ಹೊತ್ತನ್ನು ಅಳೆಯುತ್ತಲೇ ಇರಿ, ಕಾಯುವ ಹೊತ್ತನ್ನು ಅದರ ಅನುಪಾತದಲ್ಲಿ ಲೆಕ್ಕ ಹಾಕಿ. ಜನರೇಟರಿನ ಅಲೆ ಒರಟಾಗಿದ್ದರೆ ಸುಳ್ಳು ಸೊನ್ನೆಗಳೂ ಬರುತ್ತವೆ. ಒಂದು ಸೊನ್ನೆ ಬಂದ ಮೇಲೆ 8 ಮಿಲಿಸೆಕೆಂಡ್ ತನಕ ಇನ್ನೊಂದು ಬಂದರೆ ಲೆಕ್ಕಕ್ಕೆ ತಗೋಬೇಡಿ. ಸೊನ್ನೆಯೇ ಬರುವುದು ನಿಂತರೆ ಎಲ್ಲ ಗೇಟುಗಳೂ ಸುಮ್ಮನಾಗಬೇಕು.

ಇನ್ನು ಬೆಳಕಿನ ಏರಿಳಿತ. ಸ್ಲೈಡರನ್ನು ನೇರವಾಗಿ ಕಾಯುವ ಹೊತ್ತಿಗೆ ಜೋಡಿಸಿದರೆ ಮೇಲಿನ ಕಾಲುಭಾಗದಲ್ಲಿ ಏನೂ ಆಗುವುದಿಲ್ಲ, ನಡುವೆ ಎಲ್ಲವೂ ಒಮ್ಮೆಗೇ ಆಗುತ್ತದೆ. ಯಾಕೆಂದರೆ ಅಲೆಯ ಎತ್ತರ ಇರುವುದು ನಡುವಿನಲ್ಲಿ. 2.5 ಮಿಲಿಸೆಕೆಂಡಿಗೆ ತಟ್ಟಿದರೆ ಇನ್ನೂ ಶೇ. 91ರಷ್ಟು ಶಕ್ತಿ ಹೋಗುತ್ತದೆ. 5ಕ್ಕೆ ತಟ್ಟಿದರೆ ಅರ್ಧ. 7.5ಕ್ಕೆ ಬರೀ ಶೇ. 9. ಇದರ ಮೇಲೆ ತಂತಿಯ ಸ್ವಭಾವ ಬೇರೆ: ಶಕ್ತಿ ಅರ್ಧವಾದರೆ ಬೆಳಕು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದರ ಮೇಲೆ ನಮ್ಮ ಕಣ್ಣು, ಅದು ಕತ್ತಲಲ್ಲಿ ಚುರುಕು. ಸೂತ್ರದಿಂದ ಟೇಬಲ್ ಮಾಡುವುದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ನಿಜವಾದ ರಂಗದ ಮೇಲೆ, ನಿಜವಾದ ದೀಪ ಹಾಕಿ, ಮುಂದಿನ ಸಾಲಿನಲ್ಲಿ ಕೂತು, ಹತ್ತು ಹಂತಗಳನ್ನು ಕಣ್ಣಿನಿಂದಲೇ ಗುರುತು ಮಾಡಿಕೊಳ್ಳಿ. ನಡುವಿನದನ್ನು ಕೋಡು ತುಂಬಿಕೊಳ್ಳಲಿ. ಸಂಜೆ ನಿಧಾನಕ್ಕೆ ಇಳಿಯುವ ದೃಶ್ಯದಲ್ಲಿ ಆ ಟೇಬಲ್ಲಿನ ಬೆಲೆ ಗೊತ್ತಾಗುತ್ತದೆ. ಹ್ಯಾಲೊಜನ್ ಮಂದವಾಗುತ್ತಾ ಕೆಂಪು ಹೊಂಬಣ್ಣಕ್ಕೆ ತಿರುಗುವ ಚಂದ ಎಲ್‌ಇಡಿಯಲ್ಲಿ ಸಿಗುವುದು ಕಷ್ಟ. ಈ ಹಳೆಯ ದೀಪಗಳನ್ನು ನೀವು ಉಳಿಸಿಕೊಂಡಿದ್ದು ನನಗೆ ಖುಷಿಯ ಸಂಗತಿ.

ಫೇಡ್ ಮಾಡುವ ಕೆಲಸವನ್ನು ಲ್ಯಾಪ್‌ಟಾಪಿಗೆ ಬಿಡಬೇಡಿ. '3ನೇ ಚಾನೆಲ್, 180ಕ್ಕೆ ಹೋಗು, 8 ಸೆಕೆಂಡಿನಲ್ಲಿ' ಅಂತ ಅದು ಒಂದು ಮಾತು ಹೇಳಲಿ, ನಡುವಿನ ಹೆಜ್ಜೆಗಳನ್ನು ಆರ್ಡುಯಿನೊ ಹಾಕಲಿ. ಆಗ ಲ್ಯಾಪ್‌ಟಾಪ್ ಅಪ್‌ಡೇಟ್ ಅಂತ ಒಂದು ಕ್ಷಣ ನಿಂತರೂ ಬೆಳಕು ಜಿಗಿಯುವುದಿಲ್ಲ. ಒಳಗೆ 256 ಹಂತ ಸಾಲದು. ನಿಧಾನದ ಫೇಡಿನಲ್ಲಿ, ಅದರಲ್ಲೂ ಮಂದ ಬೆಳಕಿನಲ್ಲಿ, ಒಂದೊಂದು ಮೆಟ್ಟಿಲೂ ಕಾಣುತ್ತದೆ. ಹದಿನಾರು ಬಿಟ್ಟಿನಲ್ಲಿ ಲೆಕ್ಕ ಇಟ್ಟುಕೊಳ್ಳಿ, ಟೈಮರಿನಲ್ಲಿ ಅಷ್ಟು ಎಣಿಕೆ ಇದ್ದೇ ಇದೆ.

ಈಗ ಶಕ್ತಿಯ ಕಡೆಗೆ ಬರೋಣ. ಇಲ್ಲಿ ಬಿಡಿಭಾಗದ ನಂಬರು ಬಹಳ ಮುಖ್ಯ. ಟ್ರಯಾಕನ್ನು ತಟ್ಟುವ ಆಪ್ಟೊಟ್ರಯಾಕಿಗೆ ಎಲ್ಲರೂ ಎಂಒಸಿ3021 ಅನ್ನುತ್ತಾರೆ. ಅದು ತಡೆಯುವುದು 400 ವೋಲ್ಟ್. ನಮ್ಮ 230 ವೋಲ್ಟಿನ ಅಲೆಯ ನೆತ್ತಿಯೇ 325. ರಾತ್ರಿ ಹೊತ್ತು ವೋಲ್ಟೇಜ್ ಏರಿದರೆ, ಮೇಲೊಂದು ಸರ್ಜ್ ಬಂದರೆ, ಅಂತರ ಉಳಿಯುವುದಿಲ್ಲ. 600 ವೋಲ್ಟ್ ತಡೆಯುವ ಎಂಒಸಿ3052 ತಗೊಳ್ಳಿ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆರ್ಡುಯಿನೊ ಪಿನ್ನಿನಿಂದ 270 ಓಮ್ ಮೂಲಕ ಅದರ ಎಲ್‌ಇಡಿಗೆ ಕೊಡಿ. ಅಂಗಡಿಯಲ್ಲಿ 'ಅದೇ ಸಾರ್, ಸೇಮ್' ಅಂತ 3041 ಅಥವಾ 3063 ಕೊಟ್ಟರೆ ತಗೋಬೇಡಿ. ಅವುಗಳ ಒಳಗೇ ಸೊನ್ನೆ ಹಿಡಿಯುವ ಸರ್ಕ್ಯೂಟ್ ಇದೆ, ಅಲೆಯ ನಡುವೆ ತಟ್ಟಿದರೆ ಅವು ಒಪ್ಪುವುದೇ ಇಲ್ಲ. ದೀಪವನ್ನು ಬರೀ ಆನ್-ಆಫ್ ಮಾಡಲು ಅವು ಚೆನ್ನ, ಡಿಮ್ ಮಾಡಲು ಬರುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದಿದ್ದರೆ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೊಡುವಾಗ ಮೇಲಿನ ಅಕ್ಷರ ಓದಿ ನೋಡಿ.

ಟ್ರಯಾಕ್ ಬಿಟಿಎ16, 600 ವೋಲ್ಟಿನದು. 500 ವ್ಯಾಟಿಗೆ ಎರಡು ಚಿಲ್ಲರೆ ಆಂಪಿಯರ್ ಸಾಕಲ್ಲ, 16 ಯಾಕೆ ಅನ್ನಬಹುದು. ತಣ್ಣಗಿರುವ ತಂತಿಯ ತಡೆ, ಕಾದ ತಂತಿಯ ತಡೆಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೊದಲ ಕ್ಷಣದಲ್ಲಿ ನಿಮ್ಮ 500 ವ್ಯಾಟಿನ ದೀಪ 20ರಿಂದ 30 ಆಂಪಿಯರ್ ಎಳೆಯುತ್ತದೆ. ಅದಕ್ಕೇ ಸೊನ್ನೆಯಿಂದ ಪೂರ್ತಿಗೆ ಒಂದೇ ಏಟಿಗೆ ಹೋಗದ ಹಾಗೆ ಕೋಡಿನಲ್ಲಿ ಕಾಲು ಸೆಕೆಂಡಿನ ಏರಿಕೆ ಇಡಿ. ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ, ದೀಪದ ಆಯಸ್ಸು ಹೆಚ್ಚುತ್ತದೆ. ಹೆಸರಿನಲ್ಲಿ 'ಬಿಟಿಎ' ಇರಬೇಕು, 'ಬಿಟಿಬಿ' ಅಲ್ಲ. ಬಿಟಿಎ ಟ್ರಯಾಕಿನ ಲೋಹದ ಬೆನ್ನಿಗೆ ಒಳಗೆ ಕರೆಂಟಿನ ಸಂಬಂಧವಿಲ್ಲ. ಬಿಟಿಬಿಯಲ್ಲಿ ಆ ಬೆನ್ನು ನೇರ ಲೈವ್, ಹೀಟ್‌ಸಿಂಕ್ ಮುಟ್ಟಿದರೆ ಶಾಕ್. ಬಿಟಿಎ ಆದರೂ ಹೀಟ್‌ಸಿಂಕನ್ನು ಅರ್ಥಿಗೆ ಜೋಡಿಸಲೇಬೇಕು. ಒಂದು ಚಾನೆಲ್ಲಿಗೆ 2ರಿಂದ 3 ವ್ಯಾಟ್ ಶಾಖ, ಆರಕ್ಕೆ ಸೇರಿ 15 ವ್ಯಾಟಿನ ಆಸುಪಾಸು. ಗಾಳಿ ಆಡುವ ಲೋಹದ ಪೆಟ್ಟಿಗೆ ಬೇಕು.

ಟ್ರಯಾಕಿನ ಎರಡು ತುದಿಗೆ 100 ಓಮ್ ಮತ್ತು 10 ನ್ಯಾನೊಫ್ಯಾರಡ್ ಸಾಲಾಗಿ ಹಾಕಿ. ಕೆಪಾಸಿಟರಿನ ಮೇಲೆ 'ಎಕ್ಸ್2' ಅಂತಲೂ 275 ವೋಲ್ಟ್ ಎಸಿ ಅಂತಲೂ ಬರೆದಿರಬೇಕು. ಸಾಮಾನ್ಯ ಕೆಪಾಸಿಟರ್ ಇಲ್ಲಿ ಬೆಂಕಿಗೆ ದಾರಿ. ಜೊತೆಗೆ ಪ್ರತಿ ಚಾನೆಲ್ಲಿಗೆ ಒಂದು ಟೊರಾಯ್ಡ್ ಚೋಕ್ (ಉಂಗುರಕ್ಕೆ ಸುತ್ತಿದ ತಂತಿಯ ಸುರುಳಿ). ಇದನ್ನು ಬಿಟ್ಟು ಕಟ್ಟುವವರೇ ಜಾಸ್ತಿ. ಚೋಕ್ ಇಲ್ಲದಿದ್ದರೆ ಅಲೆ ಕತ್ತರಿಸಿದ ಜಾಗದಲ್ಲಿ ಕರೆಂಟು ಚಕ್ಕನೆ ಏರುತ್ತದೆ, ದೀಪದ ತಂತಿ ಗುಂಯ್ ಅನ್ನುತ್ತದೆ, ಅದೇ ಸದ್ದು ಮೈಕಿನಲ್ಲೂ ಬರುತ್ತದೆ. ನಿಮ್ಮ ಹಳೆಯ ಬೋರ್ಡನ್ನು ಎಂದಾದರೂ ಬಿಚ್ಚಿದರೆ ಅದರೊಳಗಿನ ಚೋಕುಗಳನ್ನು ಎಸೆಯಬೇಡಿ. ಮೈಕಿನ ವೈರು ದೀಪದ ವೈರಿನ ಪಕ್ಕದಲ್ಲಿ ಓಡದಿರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಆರು ದೀಪ ಅಂದರೆ 3,000 ವ್ಯಾಟ್, 13 ಆಂಪಿಯರ್. ದೊಡ್ಡ ಪ್ಲಗ್ ಪಾಯಿಂಟ್ 16 ಆಂಪಿಯರ್ ಅಂತ ಬರೆದಿದ್ದರೂ, ಹಳೆಯ ಸಭಾಭವನದ ಸಡಿಲ ಸಾಕೆಟ್ಟಿನಲ್ಲಿ ಮೂರು ಗಂಟೆ 13 ಆಂಪಿಯರ್ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಮೂರು ಮೂರು ಚಾನೆಲ್ಲಿನ ಎರಡು ಪೆಟ್ಟಿಗೆ ಮಾಡಿ, ಬೇರೆ ಬೇರೆ ಲೈನಿಗೆ ಕೊಡಿ. ಪ್ರತಿ ಪೆಟ್ಟಿಗೆಯಲ್ಲೂ ಅದರದ್ದೇ ಆರ್ಡುಯಿನೊ ನ್ಯಾನೊ (ಊನೊದ ಪುಟ್ಟ ರೂಪ), ಅದರದ್ದೇ ಸೊನ್ನೆ ಹಿಡಿಯುವ ಸರ್ಕ್ಯೂಟ್ ಇರಲಿ. ಇದು ದುಂದು ಅಲ್ಲ. ಸಭಾಭವನಕ್ಕೆ ಮೂರು ಫೇಸ್ ಬಂದಿದ್ದರೆ ಎರಡು ಪ್ಲಗ್ಗುಗಳು ಬೇರೆ ಬೇರೆ ಫೇಸಿನಲ್ಲಿ ಇರಬಹುದು. ಒಂದರ ಸೊನ್ನೆಗೂ ಇನ್ನೊಂದರ ಸೊನ್ನೆಗೂ 3.33 ಮಿಲಿಸೆಕೆಂಡ್ ವ್ಯತ್ಯಾಸ. ಒಂದೇ ಸುದ್ದಿಯಿಂದ ಎರಡನ್ನೂ ನಡೆಸಲು ಹೋದರೆ ಮೂರು ದೀಪ ಸರಿ, ಮೂರು ದೀಪ ಹುಚ್ಚು. ಇನ್ನೂ ದೊಡ್ಡ ವಿಷಯ, ಎರಡು ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ. ಒಂದೇ ಪೆಟ್ಟಿಗೆಯೊಳಗೆ ಎರಡು ಫೇಸ್ ತರುವುದು ಬೇಡವೇ ಬೇಡ.

ಪೆಟ್ಟಿಗೆಯ ಬಾಯಲ್ಲಿ, ಕರೆಂಟು ಸೋರಿದರೆ ಕತ್ತರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಎರಡೂ ತಂತಿ ಕತ್ತರಿಸುವ ಡಬಲ್ ಪೋಲ್ ಎಂಸಿಬಿ. ಪೆಂಡಾಲಿನ ತಾತ್ಕಾಲಿಕ ವೈರಿಂಗಿನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿರುವುದು ಮಾಮೂಲು, ಒಂದೇ ತಂತಿ ಕತ್ತರಿಸಿದರೆ ಸಾಲದು. ಪ್ರತಿ ಚಾನೆಲ್ಲಿಗೂ 5 ಆಂಪಿಯರಿನ ಸೆರಾಮಿಕ್ ಫ್ಯೂಸ್, ಬೇಗ ಕತ್ತರಿಸುವ ಬಗೆಯದು. ಗಾಜಿನ ಫ್ಯೂಸ್ ಬೇಡ. ಹ್ಯಾಲೊಜನ್ ದೀಪ ಸಾಯುವಾಗ ಒಳಗೆ ಆರ್ಕ್ ಹೊಡೆದು ದೊಡ್ಡ ಕರೆಂಟು ಎಳೆಯಬಹುದು, ಟ್ರಯಾಕ್ ಶಾರ್ಟ್ ಆಗುವುದು ಆಗಲೇ. ಶಾರ್ಟ್ ಆದ ಟ್ರಯಾಕ್ ಅಂದರೆ ಆರದ ದೀಪ.

ಇದರಿಂದಲೇ ಒಂದು ನಿಯಮ ತಂಡದ ಎಲ್ಲರಿಗೂ ಗೊತ್ತಿರಬೇಕು. ಸ್ಲೈಡರ್ ಸೊನ್ನೆಯಲ್ಲಿದ್ದರೂ ದೀಪದ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಕೆಪಾಸಿಟರಿನ ಮೂಲಕ ಸ್ವಲ್ಪ ಹರಿಯುತ್ತಲೇ ಇರುತ್ತದೆ, ಟ್ರಯಾಕ್ ಕೆಟ್ಟಿದ್ದರೆ ಪೂರ್ತಿಯೇ ಇರುತ್ತದೆ. ಬಲ್ಬ್ ಬದಲಿಸುವ ಮೊದಲು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಬೇಕು. ಏಣಿಯ ಮೇಲಿರುವವರಿಗೆ ಸಣ್ಣ ಶಾಕ್ ಕೂಡ ಸಣ್ಣದಲ್ಲ.

ಬೋರ್ಡಿನ ಮೇಲೆ ಮೈನ್ಸಿನ ಭಾಗವನ್ನೂ 5 ವೋಲ್ಟಿನ ಭಾಗವನ್ನೂ ಗೆರೆ ಎಳೆದ ಹಾಗೆ ಬೇರೆ ಮಾಡಿ. ನಡುವೆ ಕನಿಷ್ಠ 8 ಮಿಲಿಮೀಟರ್ ಖಾಲಿ ಜಾಗ, ಆ ಜಾಗವನ್ನು ದಾಟುವುದು ಆಪ್ಟೊಕಪ್ಲರುಗಳು ಮಾತ್ರ. ಅವುಗಳ ಕಾಲುಗಳ ನಡುವೆಯೂ ತಾಮ್ರದ ಗೆರೆ ಹೋಗಬಾರದು. ಚುಕ್ಕಿ ಚುಕ್ಕಿ ತೂತಿನ ಜನರಲ್ ಪರ್ಪಸ್ ಬೋರ್ಡಿನಲ್ಲಿ ಮೈನ್ಸ್ ಕಟ್ಟುವುದಾದರೆ ಆ ನಡುವಿನ ತಾಮ್ರದ ಚುಕ್ಕಿಗಳನ್ನು ಕೆರೆದು ತೆಗೆಯಿರಿ. ಬ್ರೆಡ್‌ಬೋರ್ಡಿನಲ್ಲಿ ಮೈನ್ಸ್ ಖಂಡಿತ ಬೇಡ.

ಹಾಗಾದರೆ ಕಲಿಯುವುದು ಹೇಗೆ? 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಗೊಳ್ಳಿ, ಅಡಾಪ್ಟರ್ ಅಲ್ಲ, ಎಸಿ ಕೊಡುವ ಹಳೆಯ ಬಗೆಯದು. ಲಾರಿಗೆ ಹಾಕುವ 24 ವೋಲ್ಟಿನ 21 ವ್ಯಾಟ್ ಬಲ್ಬ್ ತನ್ನಿ. ಸೊನ್ನೆ ಹಿಡಿಯುವ ರೆಸಿಸ್ಟರುಗಳ ಜಾಗದಲ್ಲಿ 4.7 ಕಿಲೊ ಓಮ್ ಒಂದು ಹಾಕಿ. ಅದೇ 50 ಹರ್ಟ್ಜ್, ಅದೇ ಸೊನ್ನೆ, ಅದೇ ಕೋಡು, ಅದೇ ನಡುಕ. 24 ವೋಲ್ಟಿನ ಕಡೆಗೆ ಕೈ ತಾಗಿದರೆ ಏನೂ ಆಗುವುದಿಲ್ಲ. ಯಾರ ಹತ್ತಿರವಾದರೂ ಆಸಿಲೊಸ್ಕೋಪ್ ಇದ್ದರೆ ಇಲ್ಲಿ ಧೈರ್ಯವಾಗಿ ಹಾಕಿ ನೋಡಬಹುದು. ನೇರ ಮೈನ್ಸಿಗೆ ಅದರ ನೆಲದ ಕ್ಲಿಪ್ಪನ್ನು ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ನಿಮ್ಮ ಕೋಡಿನ ಮುಕ್ಕಾಲು ಕೆಲಸ ಈ 24 ವೋಲ್ಟಿನಲ್ಲೇ ಮುಗಿಯಲಿ. ಆಮೇಲೆ 230 ವೋಲ್ಟಿಗೆ ಹೋಗುವಾಗ ಮೊದಲ ಸಲ 100 ವ್ಯಾಟಿನ ತಂತಿ ಬಲ್ಬನ್ನು ಸೀರೀಸ್ ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಆ ಬಲ್ಬ್ ಉರಿದು ಹೇಳುತ್ತದೆ, ಬೇರೇನೂ ಸುಡುವುದಿಲ್ಲ. ಈ ಹಂತದಲ್ಲಿ ಅನುಭವ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಪಕ್ಕದಲ್ಲಿರಲಿ. ಒಬ್ಬರೇ ಇದ್ದಾಗ ಮಾಡಬೇಡಿ.

ಕಂಪ್ಯೂಟರಿನ ಕಡೆ ಹೇಳುವುದು ಕಡಿಮೆ. ಶುರುವಿಗೆ ಯುಎಸ್‌ಬಿ ಸೀರಿಯಲ್ ಸಾಕು. 255 ಅನ್ನುವ ಬೈಟು ಬಂದರೆ ಹೊಸ ಮಾತು ಶುರು, ಆಮೇಲೆ ಚಾನೆಲ್, ಮಟ್ಟ, ಸಮಯ, ಇವು ಯಾವುವೂ 254 ದಾಟಬಾರದು. ನಡುವೆ ಒಂದು ಬೈಟು ಕಳೆದುಹೋದರೂ ಮುಂದಿನ 255ಕ್ಕೆ ಎಲ್ಲ ಸರಿಹೋಗುತ್ತದೆ. ಆಮೇಲೆ ಆಸೆ ಬೆಳೆದರೆ ಡಿಎಂಎಕ್ಸ್512 ಕಲಿಯಿರಿ. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ಯುಎಸ್‌ಐಟಿಟಿ ರೂಪಿಸಿದ ಪದ್ಧತಿ ಅದು, ಇವತ್ತಿಗೂ ಜಗತ್ತಿನ ರಂಗದೀಪಗಳ ಭಾಷೆ ಅದೇ. ಸೆಕೆಂಡಿಗೆ 2,50,000 ಬಿಟ್ ವೇಗ, ಒಂದು ಜೊತೆ ತಂತಿಯಲ್ಲಿ 512 ಚಾನೆಲ್. ಮ್ಯಾಕ್ಸ್485 ಅನ್ನುವ ಸಣ್ಣ ಚಿಪ್ ಹಾಕಿದರೆ ನಿಮ್ಮ ಪೆಟ್ಟಿಗೆಗೂ ಅದು ಅರ್ಥವಾಗುತ್ತದೆ. ಸಾಲಿನ ಕೊನೆಯಲ್ಲಿ 120 ಓಮ್ ಹಾಕುವುದು ಮರೆಯಬೇಡಿ. ಕ್ಯೂಎಲ್‌ಸಿ ಪ್ಲಸ್ ಅನ್ನುವ ಉಚಿತ ತಂತ್ರಾಂಶ ಲ್ಯಾಪ್‌ಟಾಪಿನಲ್ಲಿ ಇಡೀ ಬೋರ್ಡನ್ನೇ ಕೊಡುತ್ತದೆ, ಕ್ಯೂಗಳನ್ನು ಬರೆದಿಟ್ಟುಕೊಂಡು ಸ್ಪೇಸ್ ಬಾರ್ ಒತ್ತುತ್ತಾ ಹೋಗಬಹುದು. ಮುಂದೆ ಬಾಡಿಗೆಗೆ ಎಲ್‌ಇಡಿ ಪಾರ್ (ರಂಗಕ್ಕೆಂದೇ ಮಾಡಿದ ದೀಪ) ತಂದರೆ ಅವೂ ಇದೇ ಡಿಎಂಎಕ್ಸ್ ಕೇಳುತ್ತವೆ. ಅವಕ್ಕೆ ಡಿಮ್ಮರ್ ಬೇಡ, ಪ್ಲಗ್ ಪಾಯಿಂಟಿನಿಂದಲೇ ಕರೆಂಟು ಕೊಡಬೇಕು.

ವೈಫೈ ಇರುವ ಇಎಸ್‌ಪಿ8266ರಲ್ಲೇ ಡಿಮ್ಮರ್ ಮಾಡೋಣ ಅಂತ ಅನೇಕರಿಗೆ ಅನ್ನಿಸುತ್ತದೆ. ಅದು ವೈಫೈ ಕೆಲಸಕ್ಕೆ ಹೊರಟಾಗ ನಮ್ಮ ತಟ್ಟು ತಡವಾಗುತ್ತದೆ, ಬೆಳಕು ನಡುಗುತ್ತದೆ. ವೈಫೈ ಬೇಕೇ ಬೇಕು ಅಂದರೆ ಅದು ಸುದ್ದಿ ತರಲಿ, ತಟ್ಟುವುದು ನ್ಯಾನೊ ಆಗಿರಲಿ.

ಲ್ಯಾಪ್‌ಟಾಪಿನ ಕೇಬಲ್ ಕಿತ್ತುಬಂದರೆ ಪೆಟ್ಟಿಗೆ ಏನು ಮಾಡಬೇಕು? ಕೊನೆಯ ಬೆಳಕನ್ನೇ ಹಿಡಿದಿಟ್ಟುಕೊಳ್ಳಬೇಕು, ಕತ್ತಲು ಮಾಡಬಾರದು. ಮೆಟ್ಟಿಲು ಇಳಿಯುತ್ತಿರುವ ನಟನಿಗೆ ಹಠಾತ್ ಕತ್ತಲು ಅಪಾಯ. ನ್ಯಾನೊದಲ್ಲಿ ಖಾಲಿ ಉಳಿದ ಅನಲಾಗ್ ಪಿನ್ನುಗಳಿಗೆ ಚಾನೆಲ್ಲಿಗೊಂದರಂತೆ 10 ಕಿಲೊ ಓಮಿನ ಪೊಟೆನ್ಶಿಯೊಮೀಟರ್ ಹಾಕಿ, 'ಲ್ಯಾಪ್‌ಟಾಪ್ / ಕೈ' ಅಂತ ಒಂದು ಸ್ವಿಚ್ ಇಡಿ. ಲ್ಯಾಪ್‌ಟಾಪ್ ಕೈಕೊಟ್ಟ ದಿನ ನಾಟಕ ನಿಲ್ಲಬಾರದು.

ಮುಂದಿನ ತಿಂಗಳ ನಾಟಕಕ್ಕೆ ಇದು ಬೇಡ. ಆ ನಾಟಕವನ್ನು ಹಳೆಯ ಬೋರ್ಡಿನಲ್ಲೇ ಮಾಡಿ. ಈ ತಿಂಗಳು 24 ವೋಲ್ಟಿನಲ್ಲಿ ಕೋಡು ಸರಿಮಾಡಿಕೊಳ್ಳಿ. ನಂತರ ಒಂದು ಪೆಟ್ಟಿಗೆ ಮುಗಿಸಿ, ತಾಲೀಮಿನಲ್ಲಿ ಒಂದೇ ದೀಪ ಹಾಕಿ ಎರಡು ಮೂರು ಗಂಟೆ ಉರಿಸಿ. ಆಮೇಲೆ ಪ್ಲಗ್ ಕಿತ್ತು, ಹೀಟ್‌ಸಿಂಕ್, ಪ್ಲಗ್ಗಿನ ಪಿನ್ನು, ಸ್ಕ್ರೂ ಬಿಗಿದ ಜಾಗಗಳನ್ನು ಮುಟ್ಟಿ ನೋಡಿ. ಎಲ್ಲಾದರೂ ಕೈ ಇಡಲಾರದಷ್ಟು ಬಿಸಿ ಇದ್ದರೆ ಅಲ್ಲಿ ಸಡಿಲ ಇದೆ ಅಥವಾ ವೈರು ಸಣ್ಣದಾಗಿದೆ. ಅದು ಸರಿಹೋದ ಮೇಲೆ ಎರಡನೇ ದೀಪ, ಮೂರನೇ ದೀಪ. ಮೂರೂ ಒಂದು ಇಡೀ ತಾಲೀಮು ತಡೆದುಕೊಂಡರೆ ಎರಡನೇ ಪೆಟ್ಟಿಗೆಗೆ ಸಾಮಾನು ತನ್ನಿ.